ನಾಲ್ಕು ಗಂಟೆಗೆ ನಾನು ಎದ್ದಿರಲಿಲ್ಲ

ಚೈತ್ರಾ, ನಾನು ಗೆದ್ದದ್ದು ನಿದ್ದೆ ಮಾಡಿ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಓಡಿ ಅಲ್ಲ. ಇದನ್ನು ನಿನ್ನಿಂದ ಮುಚ್ಚಿಟ್ಟೆ — ಮುಚ್ಚಿಟ್ಟೆ ಅನ್ನುವುದೂ ಸಾಲದು, ನೀನು ಎದುರಿಗೆ ನಿಂತು ಕೇಳಿದಾಗ ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ನಿನ್ನ ಕಾಲಿನ ಮೂಳೆ ಬಿರುಕು ಬಿಟ್ಟದ್ದು ಆ ಸುಳ್ಳಿನಿಂದ. ನಿನ್ನ ಮೈ ಗಟ್ಟಿಯಿಲ್ಲದ್ದರಿಂದ ಅಲ್ಲ.

ಅಬ್ಬಾ, ಹೇಳಿಬಿಟ್ಟೆ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಬರೆದರೆ ಮೂರು ನಾಲ್ಕು ಸಾಲು, ಅಷ್ಟೆ.

ನೀನೀಗ ತುಮಕೂರಿನ ಮರಳೂರಿನಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದೀಯ. ಬಿಸಿಲು ಕಾಂಪೌಂಡ್ ದಾಟಿ ಕಿಟಕಿಗೆ ಬಂದಿದೆ. ಮೊನ್ನೆಯವರೆಗೆ ನೀನು ಬರೀ ಚೈತ್ರಾ. ಇವತ್ತು ಎಂಟುನೂರು ಮೀಟರ್ ಓಟದಲ್ಲಿ ರಾಜ್ಯಕ್ಕೇ ಮೊದಲನೆಯವಳು. ಪದಕ ಕಿಟಕಿಯ ಚಿಲಕಕ್ಕೆ ನೇತಾಡುತ್ತಿದೆ. ನಿನ್ನೆ ಸಂಜೆ ನಿನ್ನ ಅಜ್ಜಿಯ ಊರೂ ನನ್ನ ತವರೂ ಆದ ಗುಬ್ಬಿಯಲ್ಲಿ, ನಿನ್ನ ಮೆರವಣಿಗೆಗೆಂದು ಸೇರಿದ್ದ ಜನರ ಮುಂದೆ ಇದನ್ನೆಲ್ಲ ಒಪ್ಪಿಕೊಂಡೆ. ಊರಿಗೆ ಊರೇ ಕೇಳಿತು. ಕೇಳದೆ ಉಳಿದವಳು ನೀನೊಬ್ಬಳೇ — ಯಾಕೆಂದರೆ ನೀನು ಗೊರಕೆ ಹೊಡೆಯುತ್ತಿದ್ದೆ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ, ಮಾತು ತಪ್ಪಿಸಿಕೊಳ್ಳದಿರಲಿ ಅಂತ.

ತುಮಕೂರಿನ ಮೈದಾನದಲ್ಲಿ ನನ್ನ ಹೆಸರು ‘ನಾಲ್ಕು ಗಂಟೆ ಗಿರಿಜಾ’. ಆ ಹೆಸರಿನ ಮೇಲೆ ನನಗೆ ಎಂಥ ಜಂಬ ಅಂತ ನಿನಗೆ ಗೊತ್ತು. ಯಾವ ಶಾಲೆಗೆ ಅತಿಥಿಯಾಗಿ ಹೋದರೂ ಅದೇ ಭಾಷಣ — ಲೋಕ ಮಲಗಿರುವಾಗ ಎದ್ದವನೇ ಗೆಲ್ಲುವವನು, ಮೈಮೇಲೆ ಗುಳ್ಳೆ ಎದ್ದು ಅಮ್ಮ ಬಂದಾಗಲೂ ನಾನು ನಾಲ್ಕಕ್ಕೇ ಎದ್ದು ಓಡಿದೆ. ಚಪ್ಪಾಳೆಯೋ ಚಪ್ಪಾಳೆ. ನೀನು ಆರನೇ ಕ್ಲಾಸಿನಲ್ಲಿ ಮುಂದಿನ ಸಾಲಲ್ಲಿ ಕೂತು ಆ ಭಾಷಣ ಕೇಳಿದವಳು. ಮಾರನೇ ದಿನವೇ ಎದ್ದು ಓಡಿದೆಯಂತೆ, ಬರಿಗಾಲಲ್ಲಿ.

ನಿಜ ಹೇಗಿತ್ತು ಅಂದರೆ —

ಗುಬ್ಬಿಯಲ್ಲಿ ನಮ್ಮ ಪಿ.ಟಿ. ಮಾಸ್ತರು ರುದ್ರಪ್ಪನವರು. ಒಳ್ಳೆಯವರು, ಮಕ್ಕಳಿಗೋಸ್ಕರ ಜೀವ ಬಿಡುವವರು. ಆದರೆ ನಿದ್ದೆ ಅಂದರೆ ಅವರ ಪಾಲಿಗೆ ಸೋಮಾರಿತನ. ಬೆಳಗಿನ ಜಾವ ಸೈಕಲ್ಲಿನಲ್ಲಿ ಬಂದು ನಮ್ಮ ಮನೆ ಮುಂದೆ ಟ್ರಿಣ್ ಟ್ರಿಣ್ ಅಂತ ಬೆಲ್ ಹೊಡೆಯುತ್ತಿದ್ದರು. ನಾನು ರಾತ್ರಿ ಪಾತ್ರೆ ತೊಳೆದು, ಓದಿ, ತಂಗಿಯರನ್ನು ಮಲಗಿಸಿ ತಲೆ ಇಟ್ಟೆನೋ ಇಲ್ಲವೋ, ಆ ಬೆಲ್ಲು. ಮೊದಮೊದಲು ಓಡಿದೆ. ಆಮೇಲೆ ಕಾಲು ಭಾರವಾಗುತ್ತಾ ಬಂತು. ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಉದ್ದಕ್ಕೂ ನೋವು. ಸಣ್ಣ ಮಾತಿಗೂ ಅಳು, ಇಲ್ಲವೇ ಸಿಡುಕು. ತಿಂಗಳಿನದು ನಿಂತೇ ಹೋಯಿತು. ‘ಸದ್ಯ, ಓಡೋದಕ್ಕೆ ಅನುಕೂಲ ಆಯ್ತು’ ಅಂದುಕೊಂಡೆ, ಪೆದ್ದಿ. ದಿನದಿಂದ ದಿನಕ್ಕೆ ನಿಧಾನವಾಗುತ್ತಿದ್ದೆ. ಮಾಸ್ತರು ಅದಕ್ಕೆ ಇನ್ನೂ ಹೆಚ್ಚು ಓಡಿಸುತ್ತಿದ್ದರು.

ರಾಜ್ಯ ಮಟ್ಟದ ಕೂಟಕ್ಕೆ ಒಂದೂವರೆ ತಿಂಗಳಿರುವಾಗ ನನಗೆ ಅಮ್ಮ ಬಂತು — ಈಗಿನವರು ಚಿಕನ್ ಪಾಕ್ಸ್ ಅನ್ನುತ್ತೀರಲ್ಲ, ಅದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು ಅಂತ ಕುಣಿಗಲ್ಲಿನ ಸೋದರತ್ತೆಯ ಮನೆಗೆ ನನ್ನನ್ನು ಸಾಗಹಾಕಿದರು. ಅತ್ತೆಗೆ ಮಕ್ಕಳಿರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಹಾಸಿಗೆ ಹಾಕಿ, ಒಂದೇ ಮಾತು ಹೇಳಿದಳು.

“ಅಮ್ಮ ಬಂದೋರ್ನ ಯಾರೂ ಎಬ್ಬುಸ್ಬಾರ್ದು ಕಣೇ. ಅವ್ಳೇ ಎಬ್ಬುಸ್ತಾಳೆ. ಸುಮ್ನೆ ಮನಿಕ್ಕೊ.”

ಆ ಮನೆಯಲ್ಲಿ ಒಗ್ಗರಣೆಯ ಸದ್ದೂ ನಿಂತಿತು. ಯಾರೂ ಬರಲಿಲ್ಲ, ಯಾರೂ ಕೂಗಲಿಲ್ಲ. ನಾನು ಮಲಗಿದೆ ಚೈತ್ರಾ — ಅದೆಂಥ ನಿದ್ದೆ ಅಂತ ಹೇಳಲಿ! ಹೊಟ್ಟೆ ಹಸಿದವರು ಉಣ್ಣುವ ಹಾಗೆ ಮಲಗಿದೆ. ಎದ್ದು ಗಂಜಿ ಕುಡಿದೆ, ಮತ್ತೆ ಮಲಗಿದೆ. ಗುಳ್ಳೆ ಒಣಗಿದವು, ಬೇವಿನ ನೀರು ಹಾಕಿದ್ದೂ ಆಯಿತು. ಅಷ್ಟು ಹೊತ್ತಿಗೆ ಮಾಸ್ತರು ಬಸ್ ಹತ್ತಿ ಕುಣಿಗಲ್ಲಿಗೆ ಬಂದರು. ಅತ್ತೆ ಅವರನ್ನು ಜಗಲಿಯ ಮೇಲೇ ತಡೆದು ನಿಲ್ಲಿಸಿದಳು. “ಇನ್ನೂ ಇಳ್ದಿಲ್ಲ ಸ್ವಾಮಿ. ಒಳಗ್ ಬಂದು ಮುಟ್ಟು ಮೈಲಿಗೆ ಮಾಡಿದ್ರೆ ಅಮ್ಮ ಸುಮ್ನಿರಲ್ಲ.” ಮಾಸ್ತರು ಬೇವಿನ ಸೊಪ್ಪಿಗೇ ಕೈಮುಗಿದು ವಾಪಸ್ ಹೋದರು. ನಾನು ಬಾಗಿಲ ಸಂದಿಯಿಂದ ನೋಡುತ್ತಾ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಆಮೇಲೂ ಅತ್ತೆ ನನ್ನನ್ನು ಬಿಡಲಿಲ್ಲ. ಸೂರ್ಯ ಮೇಲೆ ಬಂದ ಮೇಲೆ ಏಳುವುದು, ಹೊಟ್ಟೆ ತುಂಬ ಮುದ್ದೆ ಉಣ್ಣುವುದು, ಸಂಜೆ ಬಿಸಿಲು ಇಳಿದ ಮೇಲೆ ಕುಣಿಗಲ್ ಕೆರೆ ಏರಿಯ ಮೇಲೆ ನನ್ನ ಪಾಡಿಗೆ ನಾನು ಓಡುವುದು. ಮೊದಲು ಏದುಸಿರು ಬಂತು. ಎರಡನೇ ವಾರಕ್ಕೆ ಕಾಲಿನ ನೋವು ಎಲ್ಲಿ ಹೋಯಿತೋ! ನಿಂತಿದ್ದ ತಿಂಗಳಿನದು ಮತ್ತೆ ಶುರುವಾಯಿತು. ಒಂದು ಸಂಜೆ ಏರಿಯ ಮೇಲೆ ಓಡುತ್ತಾ ಓಡುತ್ತಾ ನನಗೇ ಗೊತ್ತಾಯಿತು — ನನ್ನನ್ನು ಈಗ ಯಾರೂ ಹಿಡಿಯಲಾರರು ಅಂತ.

ಹಿಡಿಯಲಿಲ್ಲ. ಕೂಟದಲ್ಲಿ ಎಲ್ಲರಿಗಿಂತ ಎಷ್ಟೋ ದೂರ ಮುಂದೆ ಬಂದೆ.

ಗುಬ್ಬಿಯಲ್ಲಿ ಸನ್ಮಾನ. ಪೆಂಡಾಲು, ಮೈಕು, ನನ್ನ ಕೊರಳಲ್ಲಿ ಸೇವಂತಿಗೆ ಹಾರ. ರುದ್ರಪ್ಪ ಮಾಸ್ತರು ಮೈಕ್ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ತಾವೇ ಊಹಿಸಿಕೊಂಡದ್ದನ್ನು ಹೇಳಿದರು — ಈ ಹುಡುಗಿಗೆ ಅಮ್ಮ ಬಂದಿತ್ತು, ಆದರೂ ನಾಲ್ಕು ಗಂಟೆ ಬಿಡಲಿಲ್ಲ. ಆಮೇಲೆ ಮೈಕನ್ನು ನನ್ನ ಬಾಯಿಯ ಹತ್ತಿರ ತಂದರು.

“ಹೌದು ತಾನೇನಮ್ಮ ಗಿರಿಜಾ?”

ಅತ್ತೆ ಹೆಂಗಸರ ಸಾಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಊರೆಲ್ಲ ನೋಡುತ್ತಿತ್ತು. ‘ಇಲ್ಲ ಸಾರ್, ಮಲಗಿದ್ದೆ’ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಆದರೆ ಮಲಗಿ ಗೆದ್ದವಳು ಅಂದರೆ ಗೆಲುವೇ ಚಿಕ್ಕದಾಗಿಬಿಡುತ್ತದೆ ಅನ್ನಿಸಿತು. ಕಷ್ಟಪಟ್ಟವಳು ಅನ್ನಿಸಿಕೊಳ್ಳುವ ಆಸೆ —

“ಹೌದು ಸಾರ್,” ಅಂದೆ.

ಆ ಎರಡು ಮಾತು ನನಗೆ ಹೆಸರು ಕೊಟ್ಟಿತು, ಕೆಲಸ ಕೊಟ್ಟಿತು, ಮೈದಾನದಲ್ಲಿ ಸೀಟಿ ಊದುವ ಅಧಿಕಾರ ಕೊಟ್ಟಿತು. ಅತ್ತೆ ಸಾಯುವವರೆಗೂ ಒಂದು ದಿನವೂ ಅದರ ಬಗ್ಗೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಇದೇ ನನ್ನ ನಿಜವಾದ ತಪ್ಪು.

ನಿನ್ನ ತಾಯಿ ಸುಶೀಲಕ್ಕ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು. ಅವರು ಬಂದು ಕೈಕಾಲು ತೊಳೆಯುವವರೆಗೂ ನೀನು ಉಣ್ಣುತ್ತಿರಲಿಲ್ಲ. ತಾಯಿ ಮಗಳು ಒಂದು ತಟ್ಟೆಯ ಮುಂದೆ ಕೂತು ಮಾತಾಡಿ ಮಲಗುವುದರೊಳಗೆ ರಾತ್ರಿ ಅರ್ಧ ಕಳೆದಿರುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕಕ್ಕೆ ನಿನ್ನ ಮೊಬೈಲಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದೆ. ರುದ್ರಪ್ಪ ಮಾಸ್ತರ ಸೈಕಲ್ ಬೆಲ್ಲೇ ನನ್ನ ಕೈಯಲ್ಲಿ ಮಿಸ್ಡ್ ಕಾಲ್ ಆಗಿತ್ತು.

ನೀನು ನಿಧಾನವಾದೆ. ಸಿಡುಕಿದೆ. ಒಂದು ದಿನ ಟ್ರ್ಯಾಕಿನ ಪಕ್ಕದ ನಲ್ಲಿಯ ಹತ್ತಿರ ನಿಂತು, ತಲೆ ತಗ್ಗಿಸಿಕೊಂಡು, ಕಾಲು ನೋವನ್ನೂ ತಿಂಗಳಿನದು ನಿಂತದ್ದನ್ನೂ ಹೇಳಿದೆ. ಆಮೇಲೆ ಕೇಳಿದೆ —

“ಮೇಡಂ, ನಿಮ್ಗೂ ಹಿಂಗೇ ಆಗಿತ್ತಾ?”

ನನ್ನೆದುರಿಗೆ ಇಪ್ಪತ್ತು ವರ್ಷದ ಹಿಂದಿನ ನಾನೇ ನಿಂತಿದ್ದೆ. ಬೇಕಾದದ್ದು ಒಂದು ‘ಹೂಂ’. ಅಷ್ಟೇ. ‘ಹೂಂ ಕಣೇ, ಹೋಗಿ ಮಲಗು’ ಅಂದಿದ್ದರೆ —

“ಇಲ್ಲಪ್ಪ,” ಅಂದೆ. “ನಾನು ಹಿಂಗೆಲ್ಲ ಮೈ ಕಳ್ತನ ಮಾಡ್ತಿರ್ಲಿಲ್ಲ.”

ನೀನು ತಲೆ ಎತ್ತಲೂ ಇಲ್ಲ. ಹೋಗಿ ಮತ್ತೆ ಓಡಿದೆ. ಅದಾದ ಸ್ವಲ್ಪ ದಿನಕ್ಕೆ ತಿರುವಿನಲ್ಲಿ ಕೂತುಬಿಟ್ಟೆ, ಏಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಮೂಳೆಯ ಬಿರುಕು ತೋರಿಸಿದರು. ಮೊದಲು ಕೇಳಿದ್ದು ಕಾಲಿನ ವಿಷಯವಲ್ಲ. “ಎಷ್ಟೊತ್ತಿಗೆ ಮಲಗ್ತೀಯಮ್ಮ? ಎಷ್ಟೊತ್ತಿಗೆ ಏಳ್ತೀಯ? ಊಟ ಯಾವಾಗ?” ನೀನು ಹೇಳಿದೆ. ಅವರು ಬಿಡಿಸಿ ಬಿಡಿಸಿ ಹೇಳಿದರು — ಓಡಿದಾಗ ಮೈ ಸವೆಯುತ್ತದೆ, ಗಟ್ಟಿಯಾಗುವುದು ಮಲಗಿದಾಗ. ಗಾಢ ನಿದ್ದೆಯಲ್ಲೇ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬರುವುದು. ಸವೆದ ಸ್ನಾಯುವನ್ನು, ಮೂಳೆಯನ್ನು ಅದು ರಿಪೇರಿ ಮಾಡುತ್ತದೆ. ದಿನವೂ ನಿದ್ದೆ ಕೆಟ್ಟರೆ ಒತ್ತಡದ ಹಾರ್ಮೋನು, ಕಾರ್ಟಿಸಾಲ್, ಇಳಿಯಬೇಕಾದ ಹೊತ್ತಿನಲ್ಲಿ ಇಳಿಯುವುದಿಲ್ಲ. ಅದರ ಜೊತೆ ಊಟವೂ ಕಮ್ಮಿಯಾದರೆ ಮೈ ಖರ್ಚು ಉಳಿಸಲು ನೋಡುತ್ತದೆ, ಹುಡುಗಿಯರಲ್ಲಿ ತಿಂಗಳಿನದನ್ನು ನಿಲ್ಲಿಸುತ್ತದೆ, ಮೂಳೆ ಸೊರಗುತ್ತದೆ. ಹೇಳಿ ಮುಗಿಸಿ ನನ್ನ ಕಡೆ ತಿರುಗಿದರು.

“ಕೋಚ್ ನೀವೇನಾ?”

“ನಂಗೆ ಇದೆಲ್ಲ ಗೊತ್ತಿರ್ಲಿಲ್ಲ ಡಾಕ್ಟ್ರೇ,” ಅಂದೆ.

ಹಾರ್ಮೋನಿನ ಹೆಸರು ಗೊತ್ತಿರಲಿಲ್ಲ, ಸರಿ. ಆದರೆ ನನ್ನ ಮೈಗೆ ಗೊತ್ತಿತ್ತಲ್ಲ. ಕುಣಿಗಲ್ ಕೆರೆ ಏರಿಗೆ ಗೊತ್ತಿತ್ತಲ್ಲ. ಅಲ್ಲೂ ಸುಳ್ಳೇ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ಅಂದದ್ದು ಈಗಲೂ ಕಿವಿಯಲ್ಲಿದೆ. “ಬುಟ್ಬುಡ್ತೀನಿ ಮೇಡಂ. ನಿಮ್ಮಷ್ಟು ಗಟ್ಟಿ ಮೈ ನಂದಲ್ಲ.”

ಅವತ್ತಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅದರ ಬದಲು ನಿನ್ನ ಬ್ಯಾಗು ಎತ್ತಿಕೊಂಡು ಬಂದು ನಮ್ಮ ಹಿಂದಿನ ಕೋಣೆಯಲ್ಲಿ ಇಟ್ಟೆ. “ಡಾಕ್ಟ್ರು ಹೇಳಿದಾರೆ, ಇಲ್ಲೇ ಮಲಗ್ಬೇಕು,” ಅಂದೆ. ಡಾಕ್ಟರಮ್ಮ ಹಾಗೆ ಹೇಳಿರಲಿಲ್ಲ. ಅವರ ಹೆಸರಿನ ಹಿಂದೆ ನಿಂತು ನಾನು ಅತ್ತೆಯ ಕೆಲಸ ಮಾಡಿದೆ.

ಆ ತಿಂಗಳುಗಳು ಮಾತ್ರ — ಏನು ಹೇಳಲಿ, ನನ್ನ ಜೀವನದ ಒಳ್ಳೆಯ ದಿನಗಳು. ಮೊದಲು ಕಷ್ಟವಾಯಿತು. ನಾಲ್ಕಕ್ಕೆ ನಿನಗೇ ಎಚ್ಚರವಾಗಿ, ತಪ್ಪು ಮಾಡಿದವಳ ಹಾಗೆ ಮಂಚದ ಮೇಲೆ ಎದ್ದು ಕೂರುತ್ತಿದ್ದೆ. ಸುಶೀಲಕ್ಕನಿಗೂ ಬೇಜಾರಾಯಿತು, ಆಮೇಲೆ ತಾಯಿ ಮಗಳು ಬೆಳಗಿನ ತಿಂಡಿಯನ್ನು ಒಟ್ಟಿಗೆ ತಿನ್ನುವ ಪದ್ಧತಿ ಮಾಡಿಕೊಂಡಿರಿ. ನಾನಂತೂ ಮನೆಯಲ್ಲಿ ರಾಕ್ಷಸಿಯಾದೆ. ನೀನು ಏಳುವವರೆಗೆ ಮಿಕ್ಸಿ ಹಾಕುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ನಮ್ಮ ಯಜಮಾನರು ಸ್ಟೀಲ್ ಲೋಟವನ್ನು ಕೂಸಿನ ಹಾಗೆ ಎರಡು ಕೈಯಲ್ಲಿ ಹಿಡಿದು ಇಡುವುದನ್ನು ಕಲಿತರು. ಸೊಪ್ಪು ಮಾರುವವಳು ನಮ್ಮ ಗೇಟಿನ ಮುಂದೆ ಬಂದಾಗ ಬಾಯಿ ಮುಚ್ಚಿಕೊಂಡು ಕೈಸನ್ನೆ ಮಾಡುತ್ತಿದ್ದಳು, ಅಷ್ಟು ಬೈದಿದ್ದೆ ಅವಳಿಗೆ.

ಒಂದು ಬೆಳಿಗ್ಗೆ ನೀನು ಅಡುಗೆಮನೆಗೆ ಬಂದು, ಸಿಂಕಿನ ಕಡೆ ನೋಡುತ್ತಾ, “ಮೇಡಂ, ಆಯ್ತು,” ಅಂದೆ. ಏನಾಯ್ತು ಅಂತ ಕೇಳುವವಳಲ್ಲ ನಾನು. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟಿದೆ, ಗುಬ್ಬಿಯ ಕೊಬ್ಬರಿ ಹೆರೆದು ಹಾಕಿದೆ. ಮೊದಲ ಸಲ ದೊಡ್ಡವಳಾದ ಮಗಳಿಗೆ ಮಾಡುವ ಹಾಗೆ. ನೀನು ನಾಚಿಕೊಂಡು ನಾಲ್ಕು ತಿಂದೆ. ಆ ದಿನ ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಮೂಳೆ ಕೂಡಿತು. ಮೊದಲು ನಡಿಗೆ, ಆಮೇಲೆ ಓಟ, ಅದೂ ಸಂಜೆ ಮಾತ್ರ. ಒಂದು ಸಂಜೆ ಸ್ಟಾಪ್‌ವಾಚ್ ನೋಡಿ ಕೆಟ್ಟುಹೋಗಿದೆ ಅಂದುಕೊಂಡೆ. ಒರೆಸಿ ಮತ್ತೆ ಓಡಿಸಿದೆ. ಕೆಟ್ಟಿರಲಿಲ್ಲ! ನೀನು ಆ ಬಿರುಕಿಗೆ ಮುಂಚೆ ಎಂದೂ ಮುಟ್ಟಿರದ ವೇಗ ಅದು. ನಾನು ಟ್ರ್ಯಾಕಿನ ಮಧ್ಯೆ ನಿಂತು ಎಂಥದೋ ಕುಣಿದೆನಂತೆ, ಹುಡುಗಿಯರು ಮೊಬೈಲಿನಲ್ಲಿ ಹಿಡಿದು ಇಟ್ಟುಕೊಂಡಿದ್ದಾರೆ.

ನಿನ್ನೆಯ ಓಟ ನಿನಗೆ ನೆನಪಿರಲಿಕ್ಕಿಲ್ಲ, ಓಡಿದವರಿಗೆ ನೆನಪಿರುವುದಿಲ್ಲ. ನಾನು ಹೇಳುತ್ತೇನೆ ಕೇಳು. ಮೊದಲ ಸುತ್ತಿನಲ್ಲಿ ನೀನು ಹಿಂದೆ ಇದ್ದೆ, ಸುಮ್ಮನೆ, ಅವಸರವಿಲ್ಲದೆ. ಕೊನೆಯ ತಿರುವಿನಲ್ಲಿ ಮುಂದಿನವರ ಭುಜಗಳು ಮೇಲೇರಿದವು, ಕುತ್ತಿಗೆ ಬಿಗಿಯಿತು. ನಿನ್ನ ಭುಜ ಮಾತ್ರ ಇಳಿದೇ ಇತ್ತು. ನಾನು ಬೇಲಿ ಹಿಡಿದು ಕಿರುಚುತ್ತಿದ್ದೆ — “ಈಗ ಕಣೇ! ಈಗ ಓಡೇ ನನ್ನವ್ವಾ!” ನೀನು ಒಬ್ಬೊಬ್ಬರನ್ನೇ ದಾಟಿದೆ. ಗೆರೆ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಇದ್ದೆ, ನಗುತ್ತಾ! ಆಹಾ, ಆ ನಗು! ನನ್ನ ಪದಕದ ದಿನ ನಾನು ಹಾಗೆ ನಕ್ಕಿರಲಿಲ್ಲ.

ಆದರೆ ಪದಕ ಹಾಕಿಕೊಂಡು ಬಂದವಳು ನನ್ನ ಕಾಲಿಗೆ ಬಿದ್ದು, ಎದ್ದು, ಏನಂದೆ?

“ನಿಮ್ ಥರ ನಾಲ್ಕಕ್ಕೆ ಎದ್ದು ಗೆಲ್ಲೋಕ್ಕಾಗ್ಲಿಲ್ಲ ಮೇಡಂ. ಮಲಗಿ ಗೆದ್ದೆ. ಇದು ಅರ್ಧ ಗೆಲುವೇ, ಅಲ್ವಾ?”

ಚಿನ್ನ ಕೊರಳಲ್ಲಿದ್ದರೂ ನೀನು ನನಗೆ ಸೋತೇ ನಿಂತಿದ್ದೆ, ಎಂದೂ ನಡೆಯದ ನನ್ನ ಓಟಕ್ಕೆ. ಹೇಳುತ್ತೇನೆ ಅಂತ ಬಾಯಿ ತೆರೆದೆ, ಫೋಟೊದವರು ನಿನ್ನನ್ನು ಎಳೆದುಕೊಂಡು ಹೋದರು.

ವಾಪಸ್ ಬರುವಾಗ ಟಿ.ಟಿ. ಗಾಡಿಯಲ್ಲಿ ದಾಬಸ್‌ಪೇಟೆ ದಾಟುವ ಮುಂಚೆಯೇ ನನ್ನ ಭುಜಕ್ಕೆ ತಲೆ ಕೊಟ್ಟು ಮಲಗಿದೆ. ಕ್ಯಾತ್ಸಂದ್ರ ಬಂತು, ತುಮಕೂರು ಬಂತು, ನೀನು ಏಳಲಿಲ್ಲ. ಗುಬ್ಬಿ ಬಸ್‌ಸ್ಟ್ಯಾಂಡಿನ ಹತ್ತಿರ ಬಂದರೆ ಜನವೋ ಜನ. ತಮಟೆ, ಪಟಾಕಿ ಸರ, ತೆರೆದ ಜೀಪು. ಹೊತ್ತು ಮುಳುಗುತ್ತಿತ್ತು. ಎಲ್ಲರಿಗೂ ಮುಂದೆ ರುದ್ರಪ್ಪ ಮಾಸ್ತರು, ಕೋಲೂರಿಕೊಂಡು, ಕೈಯಲ್ಲಿ ಹಾರ ಹಿಡಿದು.

ನಾನು ನಿನ್ನ ತಲೆಯನ್ನು ಮೆಲ್ಲಗೆ ಬ್ಯಾಗಿಗೆ ಒರಗಿಸಿ, ಕೆಳಗಿಳಿದು, ಗಾಡಿಯ ಬಾಗಿಲು ಎಳೆದು ಅಡ್ಡ ನಿಂತೆ.

“ಬಡಿಬೇಡ್ರಪ್ಪ. ಮಗು ಮಲಗಿದೆ.”

“ಎಬ್ಬುಸಮ್ಮ!” ಅಂದರು ನಾಲ್ಕೈದು ಜನ. ನಿನ್ನ ಅಜ್ಜಿ ಮುಂದೆ ಬಂದರು. “ದೀಪ ಹಚ್ಚೋ ಹೊತ್ತು ಕಣವ್ವ. ಈ ಹೊತ್ನಲ್ಲಿ ಹೆಣ್ಮಗು ಮನಿಕ್ಕಂಡ್ರೆ ಒಳ್ಳೇದಲ್ಲ. ಎಬ್ಬುಸು.”

“ಏನೇ ಗಿರಿಜಾ,” ಅಂದರು ಮಾಸ್ತರು, ನಗುತ್ತಾ. “ನಾಲ್ಕು ಗಂಟೆ ಗಿರಿಜಾನೇ ಹಿಂಗಂದ್ರೆ ಹೆಂಗೆ?”

ಅಲ್ಲೇ, ಅದೇ ಊರು, ಅದೇ ಮಾಸ್ತರು. ಮೈಕ್ ಮಾತ್ರ ಇರಲಿಲ್ಲ. ಇದ್ದಿದ್ದರೂ ಹಿಡಿಯುವಂತಿರಲಿಲ್ಲ, ಒಳಗೆ ನೀನು ಮಲಗಿದ್ದೆ. ಜನ ಹತ್ತಿರ ಬಂದು ಕಿವಿ ಕೊಡಬೇಕಾಯಿತು, ಅಷ್ಟು ಮೆಲ್ಲಗೆ ಹೇಳಿದೆ.

“ನಾನು ನಾಲ್ಕಕ್ಕೆ ಎದ್ದಿರ್ಲಿಲ್ಲ ಸಾರ್. ಕುಣಿಗಲ್ಲಲ್ಲಿ ಮಲಗಿದ್ದೆ. ಅಮ್ಮ ಇಳಿದ ಮೇಲೂ ಮಲಗಿದ್ದೆ. ಅತ್ತೆ ನಿಮ್ಗೆ ಸುಳ್ಳು ಹೇಳಿದ್ಳು, ನಾನು ಊರಿಗೆಲ್ಲ ಸುಳ್ಳು ಹೇಳ್ದೆ. ನಿದ್ದೇಲಿ ಗೆದ್ದೋಳು ನಾನು. ಈ ಮಗು ಕಾಲು ಮುರಿದಿದ್ದು ನನ್ ಸುಳ್ಳು.”

ತಮಟೆಯವನು ತಮಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಜನರ ನಡುವೆ ನಿಂತಿದ್ದ ಸುಶೀಲಕ್ಕ ನನ್ನನ್ನು ನೋಡಿದ ನೋಟ — ಅದನ್ನು ಬರೆಯಲಾರೆ. ಮಾಸ್ತರು ಕೋಲೂರಿಕೊಂಡು ಒಂದು ಹೆಜ್ಜೆ ಹತ್ತಿರ ಬಂದರು.

“ನಿನ್ನ ಮಾತು ನಂಬ್ಕೊಂಡು ರಿಟೈರ್ ಆಗೋವರ್ಗೂ ಮಕ್ಕಳ ಮನೆ ಮುಂದೆ ಬೆಲ್ ಹೊಡ್ದಿದೀನಲ್ಲೇ,” ಅಂದರು. “ಅವತ್ತು ಹೇಳಿದ್ರೆ ಬೈತಿದ್ದೆ. ಆದ್ರೆ ಕೇಳ್ತಿದ್ದೆ ಕಣೇ.”



ಮಾಸ್ತರು ಹಾರವನ್ನು ಗಾಡಿಯ ಕನ್ನಡಿಗೆ ನೇತುಹಾಕಿ, ಜನರ ಕಡೆ ತಿರುಗಿ, ಬಾಯಿಯ ಮೇಲೆ ಬೆರಳಿಟ್ಟರು. “ನಡೀರಿ. ಸದ್ದು ಮಾಡ್ಬೇಡಿ.” ಅಜ್ಜಿ ಸೆರಗು ಸರಿಮಾಡಿಕೊಂಡು, “ಹೋಗ್ಲಿ ಬುಡು, ಅವ್ಳಿಗೂ ಅಮ್ಮ ಬಂದದೆ ಅಂದ್ಕೊತೀನಿ,” ಅಂದರು. ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು! ನಿನ್ನ ಗಾಡಿ ಆಮೆಯ ಹಾಗೆ ಮುಂದೆ, ಹಿಂದೆ ಊರಿಗೆ ಊರೇ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಅಂಗಡಿಯವರು ಎದ್ದು ನಿಂತರು. ಮಕ್ಕಳು ಕಿಟಕಿಗೆ ಹಾರಿ ಹಾರಿ ನಿನ್ನ ಮುಖ ನೋಡಿದರು. ಪಟಾಕಿ ಸರವನ್ನು ಮಡಿಸಿ ಡ್ರೈವರ್ ಪಕ್ಕದಲ್ಲಿ ಇಟ್ಟರು, ನೀನು ಎದ್ದ ಮೇಲೆ ಹಚ್ಚಲು. ಅಷ್ಟು ದೊಡ್ಡ ಮೆರವಣಿಗೆ ನನ್ನ ಕಾಲಕ್ಕೆ ಗುಬ್ಬಿಯಲ್ಲಿ ಯಾರಿಗೂ ಆಗಿಲ್ಲ. ನನಗಂತೂ ಆಗಿರಲಿಲ್ಲ. ಅದೇ ಗಾಡಿಯಲ್ಲಿ ತುಮಕೂರಿಗೆ ವಾಪಸ್ ಬಂದಾಗ ಅರೆನಿದ್ದೆಯಲ್ಲೇ ನಡೆದು ಈ ಮಂಚಕ್ಕೆ ಬಿದ್ದೆ ನೀನು.

ಊರು ಕ್ಷಮಿಸಿತೋ ಇಲ್ಲವೋ ಗೊತ್ತಿಲ್ಲ. ನಿನ್ನನ್ನು ಕ್ಷಮೆ ಕೇಳುವ ಧೈರ್ಯವೂ ಇಲ್ಲ. ನೀನು ಬೇರೆ ಕೋಚ್ ಹತ್ತಿರ ಹೋಗುತ್ತೇನೆ ಅಂದರೆ ಬ್ಯಾಗು ನಾನೇ ಹೊತ್ತು ತಂದುಕೊಡುತ್ತೇನೆ. ಒಂದನ್ನು ಮಾತ್ರ ತೆಗೆದುಕೊಂಡು ಹೋಗು — ನಿನ್ನ ಗೆಲುವು ಅರ್ಧವಲ್ಲ, ಪೂರ್ತಿ. ನನ್ನದೂ ನಿನ್ನ ಹಾಗೇ ಬಂದದ್ದು. ಅರ್ಧ ಮಾಡಿದವಳು ನಾನು.

ಇದನ್ನು ನಿನ್ನ ಕೈಗೆ ಕೊಟ್ಟು ಅಡುಗೆಮನೆಗೆ ಓಡಿಹೋಗುವುದಿಲ್ಲ. ಎದುರಿಗೆ ಕೂತು, ನಿನ್ನ ಮುಖ ನೋಡುತ್ತಾ, ನಾನೇ ಓದುತ್ತೇನೆ. ಸುಳ್ಳನ್ನೂ ಹಾಗೇ ಹೇಳಿದ್ದೆನಲ್ಲ.

ಮಂಚ ಕಿರ್ ಅಂದಿತು. ಕಿಟಕಿಯ ಪದಕ ಸದ್ದು ಮಾಡಿತು. ಎದ್ದಿದ್ದೀಯ — ಯಾರೂ ಎಬ್ಬಿಸದೆ, ನೀನಾಗಿಯೇ.

ಬಂದೆ ಕಣೇ. ಕಾಫಿ ಆಮೇಲೆ. ಮೊದಲು ಇದು.